ಜಾಹೀರಾತಿನಲ್ಲಿ ದಿಗಿಲು: ನಗುವ ಪೋಸ್ಟರ್ ಯಾರೂ ನೋಡಲಿಲ್ಲ, ಬಿಳಿ ಹಾಳೆಗೆ ಎಲ್ಲರೂ ಹೆದರಿದರು. ಯಾಕೆ?

ಕರ್ವೇನಗರ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಪುಣೆಯಲ್ಲಿ ಕಮ್ಯುನಿಕೇಶನ್ ಡಿಸೈನ್ ಓದ್ತಿದೀನಿ. ಕೊನೇ ಸೆಮಿಸ್ಟರಿನ ಪ್ರಾಜೆಕ್ಟ್ ಮುಗೀತು, ಜ್ಯೂರಿನೂ (ಪರೀಕ್ಷಕರ ಮುಂದೆ ಕೆಲಸ ತೋರಿಸೋದು) ಆಯ್ತು. ಮಾರ್ಕ್ಸ್ ಬಗ್ಗೆ ದೂರಿಲ್ಲ. ಆದ್ರೆ ಒಂದು ಪ್ರಶ್ನೆ ತಲೆಯಿಂದ ಹೋಗ್ತಿಲ್ಲ, ಅದಕ್ಕೆ ಇಲ್ಲಿ ಕೇಳ್ತಿದೀನಿ.

ವಿಷಯ ಜಾಹೀರಾತಿನಲ್ಲಿ 'ಅನ್‌ಕ್ಯಾನಿ'. ದೆವ್ವ ಭೂತದ ಹೆದರಿಕೆ ಅಲ್ಲ. ಎಲ್ಲಾ ಸರಿಯಾಗೇ ಇದೆ, ನಮ್ಮನೇದೇ ಅನ್ನಿಸ್ತದೆ, ಆದ್ರೂ ಎಲ್ಲೋ ಏನೋ ತಪ್ಪಿದೆ ಅಂತ ಹೊಟ್ಟೆಯೊಳಗೆ ಕಸಿವಿಸಿ ಆಗ್ತದಲ್ಲ, ಅದು. ನಾನು ಇಲ್ಲದ ಒಂದು ಅಡುಗೆ ಎಣ್ಣೆ ಬ್ರ್ಯಾಂಡ್ ಹುಟ್ಟಿಸಿ ಮೂರು ಪೋಸ್ಟರ್ ಮಾಡಿದೆ. ಮೊದಲನೇದರಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಊಟಕ್ಕೆ ಕೂತಿದಾರೆ. ನಾಲ್ಕೂ ಮುಖಕ್ಕೆ ಅಮ್ಮನ ಬಾಯಿಯನ್ನೇ ಕೂಡಿಸಿದೀನಿ. ಅದೇ ತುಟಿ, ಅದೇ ಹಲ್ಲು, ಅದೇ ನಗು. ಚರ್ಮದ ಬಣ್ಣ, ನೆರಳು ಎಲ್ಲಾ ಹೊಂದೋ ಹಂಗೆ ರಿಟಚ್ ಮಾಡೋದಕ್ಕೆ ರಾತ್ರಿಗಟ್ಟಲೆ ಕೂತಿದ್ದೆ. ಎರಡನೇದು ಅದೇ ಮನೆ, ಮೇಜಿನ ಮೇಲೆ ಐದನೇ ತಟ್ಟೆ, ಅನ್ನ ಬಡಿಸಿದೆ, ಕುರ್ಚಿ ಖಾಲಿ. ಮೂರನೇದರಲ್ಲಿ ಚಿತ್ರವೇ ಇಲ್ಲ. ಬಿಳಿ ಹಾಳೆ ಮೇಲೆ ಮರಾಠಿ ಕೈಬರಹದಲ್ಲಿ ಒಂದು ಸಾಲು: 'ಆಯೀ ಬೋಲಾವತೇಯ್, ಘರೀ ಯೇ.' ಅಮ್ಮ ಕರೀತಿದಾಳೆ, ಮನೆಗೆ ಬಾ. ಮೂಲೆಯಲ್ಲಿ ಎಣ್ಣೆಯ ಹೆಸರು, ಸಣ್ಣಗೆ.

ಒಂದು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಹತ್ರ ಒಪ್ಪಿಗೆ ತಗೊಂಡು ಮೂರನ್ನೂ ಹಾಕಿದೆ: ಎರಡು ಲಿಫ್ಟಿನ ಪಕ್ಕ, ಒಂದು ನೋಟಿಸ್ ಬೋರ್ಡಿಗೆ. ನಗೋ ಕುಟುಂಬದ ಮುಂದೆ ನಿಂತು ಒಬ್ಬ ಕಾಕಾ 'ಲೀಟರಿಗೆ ಎಷ್ಟು?' ಅಂತ ಕೇಳಿದ್ರು. ಅಷ್ಟೇ. ನಾಲ್ಕು ಬಾಯಿ ಒಂದೇ ಅಂತ ಒಬ್ಬರೂ ಹೇಳಲಿಲ್ಲ. ಖಾಲಿ ಕುರ್ಚಿ ಕೆಲವರಿಗೆ ಕಂಡಿತು. ಆದ್ರೆ ನೋಟಿಸ್ ಬೋರ್ಡಿನ ಬಿಳಿ ಹಾಳೆ! ಸಂಜೆ ಹೊತ್ತಿಗೆ ಗುಂಪು ಸೇರಿತ್ತು. ಯಾರ ಮಗು ಕಾಣ್ತಿಲ್ಲ, ಯಾರು ಬರೆದದ್ದು, ಯಾರನ್ನ ಕರೀತಿದಾರೆ ಅಂತ ಮಾತು. ಕೊನೆಗೆ ವಾಚ್‌ಮನ್ ಹರಿದು ತೆಗೆದ.

ನನ್ನ ಪ್ರಶ್ನೆ ಎರಡು. ಅಷ್ಟು ಕಷ್ಟಪಟ್ಟು ಮಾಡಿದ ಮುಖಗಳು ಯಾಕೆ ಯಾರನ್ನೂ ಮುಟ್ಟಲಿಲ್ಲ? ಎರಡನೇದು ಜ್ಯೂರಿಯಲ್ಲಿ ಒಬ್ಬ ಮೇಡಂ ಕೇಳಿದ್ದು: 'ಈ ದಿಗಿಲು ಯಾರ ಪರವಾಗಿ ಕೆಲಸ ಮಾಡ್ತಿದೆ, ನೋಡೋರ ಪರವೋ ಮಾರೋರ ಪರವೋ?' ನಾನು ಏನೋ ಉತ್ತರ ಕೊಟ್ಟೆ, ನನಗೇ ಸಮಾಧಾನ ಆಗಿಲ್ಲ.

ಡೊಂಬಿವಲಿ_ಸ್ಲೋ

'ಅಮ್ಮ ಕರೀತಿದಾಳೆ' ಅಂತ ಓದಿಯೇ ಮೈ ಜುಮ್ ಅಂತು. ಚಿತ್ರಗಳನ್ನ ಇಲ್ಲಿ ಹಾಕಮ್ಮ.

ಮಾಟುಂಗಾ_ಪೂರ್ವ

ಒಳ್ಳೆ ಕೆಲಸ ಮಗಾ, ಆದ್ರೆ ನನಗೆ ಒಂದು ಅರ್ಥ ಆಗುದಿಲ್ಲ. ಎಣ್ಣೆ ಮಾರ್ಲಿಕ್ಕೆ ಜನರನ್ನು ಹೆದರಿಸುದು ಎಂತಕ್ಕೆ? ನಮ್ಮ ಮುಂಬೈಯಲ್ಲೇ ಹುಟ್ಟಿದ ಅಮುಲ್ ಹುಡುಗಿ ಉಂಟಲ್ಲ, 1966ರಿಂದ ಹೋರ್ಡಿಂಗಿನಲ್ಲಿ ನಿಂತಿದ್ದಾಳೆ. ಸಿಲ್ವೆಸ್ಟರ್ ಡಾಕುನ್ಹಾ ಮತ್ತು ಯೂಸ್ಟೇಸ್ ಫರ್ನಾಂಡಿಸ್ ಮಾಡಿದ್ದು. ಇಷ್ಟು ವರ್ಷದಲ್ಲಿ ಒಂದು ಮಗು ಸಹ ಅವಳನ್ನು ನೋಡಿ ಅತ್ತದ್ದಿಲ್ಲ. ಪ್ರೀತಿಯಿಂದ ಮಾರ್ಲಿಕ್ಕೆ ಆಗ್ತದೆ ಮಾರಾಯ್ರೆ.

ಮೇಷ್ಟ್ರು_ಪುಣೆ

ಮಾಟುಂಗಾದ ಭಟ್ರೇ, ನೀವು ಹೇಳಿದ ಉದಾಹರಣೆಯಲ್ಲೇ ಉತ್ತರ ಇದೆ. ಅಮುಲ್ ಹುಡುಗಿಗೆ ಮೂಗೇ ಇಲ್ಲ, ಗಮನಿಸಿ. ಮೂಗಿಲ್ಲದ ಮುಖ, ಆದರೂ ಮುದ್ದು. ಯಾಕೆಂದರೆ ಅವಳು ಮನುಷ್ಯಳ ಹಾಗೆ ಕಾಣಲು ಪ್ರಯತ್ನವನ್ನೇ ಮಾಡುವುದಿಲ್ಲ.

ಹುಡುಗಿಗೆ ಇದೆಲ್ಲ ಗೊತ್ತಿರುತ್ತೆ, ಬೇರೆಯವರಿಗಾಗಿ ಹೇಳ್ತೀನಿ. 1906ರಲ್ಲಿ ಅರ್ನ್ಸ್ಟ್ ಯೆಂಟ್ಶ್ ಎಂಬ ಜರ್ಮನ್ ಮನೋವೈದ್ಯ ಇದರ ಬಗ್ಗೆ ಬರೆದ. ಎದುರಿಗಿರುವುದಕ್ಕೆ ಜೀವ ಇದೆಯೋ ಇಲ್ಲವೋ ಎಂಬ ಅನುಮಾನ ತೀರದೆ ಉಳಿದಾಗ ಈ ಕಸಿವಿಸಿ ಹುಟ್ಟುತ್ತೆ ಅಂತ ಅವನ ವಾದ. ಮೇಣದ ಬೊಂಬೆ, ಕೀಲುಬೊಂಬೆ ಅವನ ಉದಾಹರಣೆಗಳು. 1919ರಲ್ಲಿ ವಿಯೆನ್ನಾದ ಮನೋವಿಶ್ಲೇಷಕ ಫ್ರಾಯ್ಡ್ ಇದು ಸಾಲದು ಅಂದ. ಅವನ ಪ್ರಕಾರ ದಿಗಿಲು ಹುಟ್ಟಿಸುವುದು ಹೊಸದಲ್ಲ. ಒಂದು ಕಾಲಕ್ಕೆ ತೀರಾ ಪರಿಚಿತವಾಗಿದ್ದು, ಒಳಗೆಲ್ಲೋ ಹೂತುಹೋದದ್ದು ಮತ್ತೆ ಎದ್ದು ಬಂದಾಗ ದಿಗಿಲು. ಅವನೇ ಒಂದು ಪ್ರಸಂಗ ಹೇಳ್ತಾನೆ: ರೈಲಿನ ಮಲಗುವ ಬೋಗಿಯಲ್ಲಿ ಒಬ್ಬನೇ ಕೂತಿದ್ದಾಗ ಗಾಡಿ ಕುಲುಕಿ ಬಾಗಿಲು ತೆರೆದುಕೊಳ್ತು, ನೈಟ್ ಗೌನು ಟೋಪಿ ಹಾಕಿದ ಒಬ್ಬ ಮುದುಕ ಒಳಗೆ ಬಂದ. ಇವನು ದಾರಿ ತಪ್ಪಿ ಬಂದಿದಾನೆ ಅಂತ ಹೇಳಲು ಎದ್ದರೆ ಅದು ಬಾಗಿಲ ಕನ್ನಡಿಯಲ್ಲಿ ಕಂಡ ತನ್ನದೇ ರೂಪ. ಆ ಮುದುಕನ ಚಹರೆ ತನಗೆ ಸ್ವಲ್ಪವೂ ಹಿಡಿಸಲಿಲ್ಲ ಅಂತ ಫ್ರಾಯ್ಡ್ ಬರೀತಾನೆ.

ಮೂರನೆಯವರು ಮಸಾಹಿರೊ ಮೋರಿ, ಟೋಕಿಯೋದ ರೋಬಾಟ್ ಪ್ರೊಫೆಸರ್, 1970. ಬೊಂಬೆ ಮನುಷ್ಯನಿಗೆ ಹತ್ತಿರವಾಗುತ್ತಾ ಹೋದಂತೆ ನಮಗೆ ಅದರ ಮೇಲೆ ಅಕ್ಕರೆ ಹೆಚ್ಚುತ್ತೆ, ಇನ್ನೇನು ಮನುಷ್ಯನೇ ಅನ್ನುವಾಗ ಅಕ್ಕರೆ ದಿಢೀರನೆ ಪಾತಾಳಕ್ಕೆ ಬೀಳುತ್ತೆ ಅಂದರು. ಆ ಪಾತಾಳ ನಿಜಕ್ಕೂ ಅವರು ಬರೆದ ಗೆರೆಯ ಹಾಗೇ ಇದೆಯೇ ಅಂತ ಸಂಶೋಧಕರು ಇಂದಿಗೂ ಜಗಳ ಆಡ್ತಿದಾರೆ. ಆದರೆ ಡಿಸೈನರ್‌ಗಳಿಗೆ ಅವರು ಕೊಟ್ಟ ಸಲಹೆ ದೊಡ್ಡದು. ಕೃತಕ ಕೈಗೆ ಚರ್ಮ, ನರ, ಉಗುರು ಎಲ್ಲಾ ಮಾಡಿ ಮೋಸ ಮಾಡಲು ಹೋಗಬೇಡಿ, ಬುದ್ಧನ ವಿಗ್ರಹ ಕೆತ್ತುವ ಶಿಲ್ಪಿ ಕಡೆದ ಮರದ ಕೈ ನೋಡಿ, ಅದು ಮರವೇ, ಆದರೂ ಮುಟ್ಟಬೇಕು ಅನ್ನಿಸುತ್ತೆ ಅಂದರು.

ನನ್ನ ಅನಿಸಿಕೆ: ನಿನ್ನ ಮೊದಲ ಪೋಸ್ಟರ್ ಯೆಂಟ್ಶ್ ಮತ್ತು ಮೋರಿಯ ದಾರಿ. ಮೂರನೆಯದು ಫ್ರಾಯ್ಡ್ ದಾರಿ. ಜನ ಫ್ರಾಯ್ಡ್‌ಗೆ ಹೆದರಿದರು.

ಕಾಪಿರೈಟರ್_ಅಂಧೇರಿ

ಮೇಷ್ಟ್ರೇ, ಹೆಸರುಗಳೆಲ್ಲ ಸರಿ, ಆದ್ರೆ ಕಾರಣ ಇನ್ನೂ ಹತ್ತಿರದಲ್ಲಿದೆ. ನಾನು ಇದೇ ಕೆಲಸದಲ್ಲಿದೀನಿ. ಬಿಲ್ಡರ್ ಬ್ರೋಷರಿನ ಕುಟುಂಬ ನೋಡಿದೀರಾ? ಅಪ್ಪ ಒಂದು ಸ್ಟಾಕ್ ಫೋಟೋದಿಂದ, ಅಮ್ಮ ಇನ್ನೊಂದರಿಂದ, ಮಕ್ಕಳು ಮತ್ಯಾವುದೋ ಶೂಟಿಂದು. ಒಬ್ಬರನ್ನೊಬ್ಬರು ಅವರು ಜನ್ಮದಲ್ಲಿ ಭೇಟಿ ಆಗಿರಲ್ಲ. ಎಲ್ಲರ ಹಲ್ಲಿಗೂ ಒಂದೇ ಬಿಳುಪು ಹಾಕ್ತೀವಿ, ಎಲ್ಲರ ಕಣ್ಣಲ್ಲೂ ಒಂದೇ ಹೊಳಪು. ಕ್ಲಯಂಟ್ ಅದನ್ನೇ ಕೇಳೋದು. ಪುಣೆಯ ಹಿಂಜೆವಾಡಿಯಿಂದ ಮುಂಬೈ ಹತ್ತಿರದ ಪನ್ವೇಲ್‌ವರೆಗೆ ರಸ್ತೆ ಉದ್ದಕ್ಕೂ ಇಂಥ ಮುಖಗಳೇ. ಅವನ್ನ ದಿನಾ ನೋಡೋ ಕಾಕಾಗೆ ನಾಲ್ಕು ಬಾಯಿ ಒಂದೇ ಇದ್ರೆ ಏನು ವಿಶೇಷ? ನೀನು ವಿಚಿತ್ರ ಅಂದ್ಕೊಂಡು ಮಾಡಿದ್ದು ನಮ್ಮಲ್ಲಿ ದಿನನಿತ್ಯದ ಮಾಲು ತಾಯಿ. ಕಾಕಾ ಬೆಲೆ ಕೇಳಿದ್ದೇ ನಿನ್ನ ಪ್ರಾಜೆಕ್ಟಿನ ಅತ್ಯಂತ ಮುಖ್ಯವಾದ ಫಲಿತಾಂಶ ಅಂತ ನಾನು ಹೇಳ್ತೀನಿ. ಅದನ್ನ ಪೋರ್ಟ್‌ಫೋಲಿಯೋದಲ್ಲಿ ಮುಚ್ಚಿಡಬೇಡ, ಮೊದಲನೇ ಪುಟಕ್ಕೆ ಹಾಕು.

ಡೊಂಬಿವಲಿ_ಸ್ಲೋ

ಹಾಗಾದ್ರೆ ವೊಡಾಫೋನ್ ಮೊಬೈಲ್ ಕಂಪನಿ ಜಾಹೀರಾತಿನ ಬಿಳಿ ಝೂಝೂ? ಅವು ಅನಿಮೇಷನ್ ಬೊಂಬೆ, ಮನುಷ್ಯರ ಥರ ಆಡ್ತಿದ್ವು, ಆದ್ರೂ ಎಲ್ಲರಿಗೂ ಇಷ್ಟ.

ಕಾಪಿರೈಟರ್_ಅಂಧೇರಿ

ಅನಿಮೇಷನ್ ಅಲ್ಲ! ಒಳಗೆ ಮನುಷ್ಯರು. 2009ರ ಐಪಿಎಲ್ ದಕ್ಷಿಣ ಆಫ್ರಿಕಾದಲ್ಲಿ ನಡೀತಲ್ಲ, ಅದಕ್ಕಾಗಿ ಓಗಿಲ್ವಿ ಅನ್ನೋ ಜಾಹೀರಾತು ಏಜೆನ್ಸಿ ಮಾಡಿಸಿದ್ದು. ನಮ್ಮ ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮಾ ಕೇಪ್‌ಟೌನಲ್ಲಿ ಶೂಟ್ ಮಾಡಿದ್ರು. ತೆಳ್ಳಗಿನ ಕಲಾವಿದರಿಗೆ, ಅದರಲ್ಲೂ ಹೆಚ್ಚಿನವರು ಹೆಂಗಸರು, ಬಿಳಿ ಸೂಟು ದೊಡ್ಡ ತಲೆ ತೊಡಿಸಿ, ಫ್ರೇಮ್ ವೇಗ ಕಮ್ಮಿ ಇಟ್ಟು, ನಡಿಗೆ ಬೊಂಬೆ ಥರ ಕಾಣೋ ಹಾಗೆ ಮಾಡಿದ್ರು. ಎಲ್ಲರೂ ಬೊಂಬೆಯನ್ನ ಮನುಷ್ಯ ಮಾಡಲು ಹೊರಟಾಗ ಇವರು ಮನುಷ್ಯರನ್ನ ಬೊಂಬೆ ಮಾಡಿದ್ರು. ಒಳಗೆ ಜೀವ ಇರೋದ್ರಿಂದಲೇ ಅವು ಅಷ್ಟು ಹಿತವಾಗಿದ್ವು ಅಂತ ನನಗನ್ನಿಸುತ್ತೆ.

ಡೊಂಬಿವಲಿ_ಸ್ಲೋ

ಮನುಷ್ಯರಾ?? ಈಗ ನನಗೆ ಹೆದರಿಕೆ ಆಗ್ತಿದೆ.

ಮೇಷ್ಟ್ರು_ಪುಣೆ

ನೋಡಿ, ಯೆಂಟ್ಶ್ ಹೇಳಿದ್ದು ಈಗ ನಡೀತು.

ಸೋಲಾಪುರ_ಸೀದಾ

ಯಾರೂ ಒನಿಡಾ ಟಿವಿ ದೆವ್ವದ ಸುದ್ದಿ ತಗೀಲಿಲ್ಲಲ್ರೀ! ಬೋಳು ತಲಿ, ಕೊಂಬು, ಬಾಲ. 'ನೆರೆಮನೆಯವರ ಹೊಟ್ಟೆಕಿಚ್ಚು, ಒಡೆಯನ ಹೆಮ್ಮೆ' ಅಂತ ಇಂಗ್ಲಿಷಿನ್ಯಾಗ ಬರ್ತಿತ್ತು. ಎಂಬತ್ತು ತೊಂಬತ್ತರ ದಶಕದಾಗ ಸಣ್ಣ ಹುಡುಗ್ರು ಅದನ್ನ ನೋಡಿದ್ರ ಕೋಣಿ ಬಿಟ್ಟು ಓಡ್ತಿದ್ವಿ. ಹೆದರಿಸಿ ಮಾರೂದು ಹೊಸಾದೇನಲ್ಲ.

ಮತ್ತ ಇನ್ನೊಂದ ಮಾತ. ನಮ್ಮ ಕಡೆ ಹೊಸಾ ಮನಿ ಕಟ್ಟುವಾಗ ಕುಂಬಳಕಾಯಿ, ರಾಕ್ಷಸನ ಮಾರಿ ಯಾಕ ಕಟ್ತಾರ? ಮಂದಿ ಕಣ್ಣು ಬೀಳಬಾರದಂತ. ಒನಿಡಾದವ್ರು ಅದೇ ಮಾರಿ ತಗೊಂಡು ಪೂರಾ ತಿರುವಿ ಹಾಕಿದ್ರು. ಮಂದಿ ಕಣ್ಣು ಬೀಳಲಿ, ಬಿದ್ರನ ನಿಮ್ಮ ಟಿವಿಗೆ ಬೆಲೆ ಅಂದ್ರು. ನಮ್ಮವ್ವ ಆ ಜಾಹೀರಾತು ಬಂದಾಗೆಲ್ಲಾ ಟಿವಿ ಮುಂದ ನೆಟಿಗಿ ಮುರೀತಿದ್ಲು.

ಕರ್ವೇನಗರ_ಹುಡುಗಿ

ಸೋಲಾಪುರದ ಅಣ್ಣಾ, ಇದು ನನಗೆ ಹೊಳೆದೇ ಇರಲಿಲ್ಲ. ಓದಿದ್ದೆಲ್ಲ ವಿಯೆನ್ನಾ, ಟೋಕಿಯೋ. ದೃಷ್ಟಿಬೊಂಬೆ ನಮ್ಮ ಓಣಿಯಲ್ಲೇ ತೂಗ್ತಿತ್ತು. ಅದನ್ನ ರಿಪೋರ್ಟಿಗೆ ಸೇರಿಸ್ತೀನಿ. ಆದ್ರೆ ಒನಿಡಾ ದೆವ್ವ ತಾನು ದೆವ್ವ ಅಂತ ಹೇಳಿಕೊಂಡೇ ಬರ್ತದಲ್ಲ. ಅದರಲ್ಲಿ ಮೋಸ ಇಲ್ಲ. ನಾನು ಹುಡುಕಿದ್ದು ಗೊತ್ತಾಗದ ಹಾಗೆ ಬರೋದನ್ನ.

ಫ್ಲೆಕ್ಸ್_ಭೋಸರಿ

ತಂಗಿ, ನಾ ವಿಜಾಪುರದಾವ, ಭೋಸರಿಯೊಳಗ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಐತಿ. ಡಿಸೈನ್ ಶಾಣೇತನ ನನಗ ತಿಳಿಯೂದಿಲ್ಲ, ಆದ್ರ ನೀ ಹುಡಕಾಕತ್ತಿದ್ದು ನನ್ನ ಕಂಪ್ಯೂಟರಿನ್ಯಾಗ ದಿನಾ ಕುಂತಿರತೈತಿ. ಹೇಳ್ತೀನಿ ಕೇಳು.

ಪುಣೆದಾಗ ಯಾ ಚೌಕಕ್ಕ ಹೋದ್ರೂ ಎರಡು ನಮೂನಿ ಫ್ಲೆಕ್ಸ್ ಇರತಾವು. ಒಂದು 'ವಾಢದಿವಸಾಚ್ಯಾ ಹಾರ್ದಿಕ ಶುಭೇಚ್ಛಾ', ಹುಟ್ಟಿದ ಹಬ್ಬದ್ದು. ಇನ್ನೊಂದು 'ಭಾವಪೂರ್ಣ ಶ್ರದ್ಧಾಂಜಲೀ', ಸತ್ತಾಗಿಂದು. ಎರಡಕ್ಕೂ ಮಂದಿ ಒಂದೇ ಫೋಟೋ ತರತಾರ. ಬಿಳಿ ಅಂಗಿ, ಕೂಲಿಂಗ್ ಗ್ಲಾಸು, ಕೈಮುಗಿದ ಫೋಟೋ. ಹೋದ ವರ್ಷ ಹುಟ್ಟಿದ ಹಬ್ಬಕ್ಕ ಕಟಿಂಗ್ ಮಾಡಿಟ್ಟ ಫೈಲನ್ನ ತಗದು ಹಿಂದಿನ ಬಣ್ಣ ಬದಲಿಸಿ, ಕೇಕಿನ ಜಾಗಾದಾಗ ದೀಪ ಇಟ್ಟು ಕೊಟ್ಟಿದ್ದೈತಿ. ಕೆಳಗಿನ ಶುಭೇಚ್ಛುಕರ ಸಾಲು, ಆ ಪಾಸ್‌ಪೋರ್ಟ್ ಸೈಜಿನ ಮಾರಿಗೋಳು, ಅವು ಹಂಗs ಇರತಾವು. ಹೆಸರಷ್ಟ 'ಶೋಕಾಕುಲ' ಅಂತ ಆಗತೈತಿ. ಮ್ಯಾಲ ಮೋಡದಾಗ ಸತ್ತ ದೊಡ್ಡ ಲೀಡರ್‌ಗೋಳು ಎರಡರಾಗೂ ನಗಕೋತ ನೋಡತಿರತಾರ.

ಒಮ್ಮೊಮ್ಮೆ ಒಂದ ಕಂಬಕ್ಕ ಮ್ಯಾಲೊಂದು ಕೆಳಗೊಂದು ಬಿದ್ದಿರತಾವು. ಮ್ಯಾಲೆ ಹುಟ್ಟಿದ ಹಬ್ಬದ್ದು ಇನ್ನೂ ತಗದಿರೂದಿಲ್ಲ, ಕೆಳಗ ಅವಂದs ಶ್ರದ್ಧಾಂಜಲಿ ಕಟ್ಟಿರತಾರ. ಅದs ನಗು. ಬೈಕ್ ನಿಲ್ಲಿಸಿ ನೋಡಿದ್ರ ಹೊಟ್ಟಿ ಕಲಸತೈತಿ. ಆದ್ರ ಯಾರೂ ನಿಲ್ಲಿಸಿ ನೋಡೂದಿಲ್ಲ.

ಕಾಪಿರೈಟರ್_ಅಂಧೇರಿ

ಅಣ್ಣಾ, ಈ ಒಂದು ಕಾಮೆಂಟಿಗೆ ಇಡೀ ಚರ್ಚೆ ಸಾರ್ಥಕ. 2013ರಲ್ಲಿ ಒಂದು ವಿದೇಶಿ ಚಾಕೊಲೇಟ್ ಜಾಹೀರಾತಿನಲ್ಲಿ ಆಡ್ರಿ ಹೆಪ್‌ಬರ್ನ್ ಅವರನ್ನ ಕಂಪ್ಯೂಟರಿನಲ್ಲಿ ಮತ್ತೆ ಹುಟ್ಟಿಸಿದ್ರು. ಆಕೆ ತೀರಿಕೊಂಡದ್ದು 1993ರಲ್ಲಿ. ಇಪ್ಪತ್ತು ವರ್ಷದ ಮೇಲೆ ಬಸ್ಸಿಳಿದು ಕಾರಿನ ಹಿಂದಿನ ಸೀಟಲ್ಲಿ ಕೂತು ಚಾಕೊಲೇಟ್ ತಿಂತಾರೆ, ನಗ್ತಾರೆ. ಆಗ ಎಷ್ಟು ಚರ್ಚೆ ಆಗಿತ್ತು. ನಮ್ಮಲ್ಲಿ ಪ್ರತಿ ಚೌಕದಲ್ಲೂ ಸತ್ತವರು ಬದುಕಿರೋರಿಗೆ ಪ್ರಚಾರ ಮಾಡ್ತಿದಾರೆ.

ಹಳೇ_ಬ್ರಶ್

ನಾನು ದಾದರಿನಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದವನು, ಈಗ ಮಗನ ಜೊತೆ ಬದ್ಲಾಪುರದಲ್ಲಿ ಇದ್ದೇನೆ. ಒಂದು ಮಾತು ಹೇಳುತ್ತೇನೆ. ನಾವು ಫೋಟೋ ಮೇಲೆ ಚೌಕ ಎಳೆದು, ಅದೇ ಚೌಕ ದೊಡ್ಡ ಬಟ್ಟೆಯ ಮೇಲೆ ಎಳೆದು ಮುಖ ಬಿಡಿಸುತ್ತಿದ್ದೆವು. ಕೆನ್ನೆಗೆ ಹಸಿರು, ಹಣೆಗೆ ನೀಲಿ, ಮೂಗಿನ ಪಕ್ಕ ಕೆಂಪು ಬೀಳುತ್ತಿತ್ತು. ಹತ್ತಿರ ನಿಂತರೆ ಬರೀ ಬಣ್ಣದ ಪಟ್ಟಿ. ರಸ್ತೆಯ ಆಚೆ ಕಡೆಯಿಂದ ನೋಡಿದರೆ ಹೀರೋ ಎದ್ದು ನಿಲ್ಲುತ್ತಿದ್ದ. ಇಷ್ಟು ದೊಡ್ಡ ಮುಖ, ಒಂದು ಕಣ್ಣೇ ಆಳೆತ್ತರ, ಆದರೂ ಯಾರಿಗೂ ದಿಗಿಲಾಗುತ್ತಿರಲಿಲ್ಲ. ಯಾಕೆಂದರೆ ಅದನ್ನು ಕೈ ಬರೆದಿದೆ ಅಂತ ಕಣ್ಣಿಗೆ ಗೊತ್ತಾಗುತ್ತಿತ್ತು. ಬುದ್ಧನ ಮರದ ಕೈ ಅಂದಿರಲ್ಲ ಮೇಷ್ಟ್ರೇ, ಅದನ್ನು ಓದಿ ನನಗೆ ಬಹಳ ಸಂತೋಷವಾಯಿತು.

ವಿನೈಲ್, ಅಂದರೆ ಮಶೀನಿನಲ್ಲಿ ಪ್ರಿಂಟ್ ಹಾಕುವ ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ನಮ್ಮ ಕೆಲಸ ಹೋಯಿತು. ಅದರ ದುಃಖ ಬೇರೆ. ಆದರೆ ಮುಖದ ಮೇಲಿನ ಚರ್ಮದ ರಂಧ್ರ ಅಳಿಸಿ ಮೇಣದ ಹಾಗೆ ಮಾಡಿದ ಮೊದಲ ವಿನೈಲ್ ಹೋರ್ಡಿಂಗ್ ನೋಡಿದಾಗ ನಮ್ಮ ಉಸ್ತಾದರು, ಇವನಿಗೆ ಮೈಯಲ್ಲಿ ರಕ್ತ ಇಲ್ಲ ಅಂದಿದ್ದರು.

ಡೊಂಬಿವಲಿ_ಸ್ಲೋ

ಹೋರ್ಡಿಂಗ್ ಅಂದ್ರೆ ನನಗೆ ಈಗ ಒಂದೇ ದಿಗಿಲು. 13 ಮೇ 2024, ಮುಂಬೈನ ಘಾಟ್ಕೋಪರ್. 120 ಅಡಿಗೆ 120 ಅಡಿ ಕಟ್ಟಿದ್ರು, ಪಾಲಿಕೆ ಮಿತಿ 40ಕ್ಕೆ 40. ದೂಳಿನ ಗಾಳಿಗೆ ಪೆಟ್ರೋಲ್ ಬಂಕ್ ಮೇಲೆ ಬಿತ್ತು, 17 ಜನ ಸತ್ತರು. ಅವತ್ತು ಸಂಜೆ ನಾನು ಅದೇ ದಾರಿಯಲ್ಲಿ ಬರಬೇಕಿತ್ತು.

ಸೋಲಾಪುರ_ಸೀದಾ

ಪುಣೆದಾಗೂ 2018ರಾಗ ಜುನಾ ಬಜಾರ್ ಹತ್ರ ಬಿದ್ದು ನಾಲ್ಕು ಮಂದಿ ಸತ್ರಲ್ರೀ. ಪರವಾನಗಿ ಕೊಟ್ಟವರನ್ನ ಹಿಡೀಬೇಕು ಮೊದಲ. ತಾಸಿಗಟ್ಟಲೆ ಮಾತಾಡಬಹುದು ಇದರ ಮ್ಯಾಲ...

ನಿರ್ವಾಹಕ

ಅದಕ್ಕೆ ಬೇರೆ ಎಳೆ ತೆರೆಯಿರಿ ದಯವಿಟ್ಟು. ಇಲ್ಲಿ ಹುಡುಗಿಯ ಪ್ರಶ್ನೆಗೆ ಉತ್ತರ ಬರಲಿ.

ಠಾಣೆಯವಳು

ಇಷ್ಟು ಹೊತ್ತು ಓದ್ತಾ ಇದ್ದೆ. ಮೂರನೇ ಪೋಸ್ಟರ್ ಬಗ್ಗೆ ಯಾಕೆ ಯಾರೂ ನೇರವಾಗಿ ಮಾತಾಡ್ತಿಲ್ಲ?

ನಾನು ಬೆಂಗಳೂರಿನವಳು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿರ್ತಿತ್ತು. ರಾತ್ರಿ ಒಂದು ದೆವ್ವ ಬಂದು ಬಾಗಿಲು ತಟ್ಟುತ್ತೆ, ಮನೆಯವರದೇ ದನಿಯಲ್ಲಿ, ಅಮ್ಮನ ದನಿಯಲ್ಲಿ ಕರೆಯುತ್ತೆ, ಓಗೊಟ್ಟು ಬಾಗಿಲು ತೆಗೆದ್ರೆ ಸಾವು ಅಂತ ನಂಬಿಕೆ. ಅದು ಬರಹ ಓದಿ ವಾಪಸ್ ಹೋಗುತ್ತೆ, ಮರುದಿನ ಬಂದ್ರೂ ಅದೇ ಬರಹ. ಮಕ್ಕಳಾಗಿದ್ದಾಗ ನಮಗೆ ದೆವ್ವದ ಮುಖ ಹೇಗಿದೆ ಅನ್ನೋ ಯೋಚನೆಯೇ ಇರಲಿಲ್ಲ. ದನಿ ಅಷ್ಟೇ. ಅಮ್ಮ ಅಡುಗೆಮನೆಯಿಂದ ಕೂಗಿದ್ರೂ ಒಂದು ಗಳಿಗೆ ತಡೆದು ಹೋಗ್ತಿದ್ದೆ. ಹುಡುಗಿ, ನಿನ್ನ ಬಿಳಿ ಹಾಳೆ ಮಾಡಿದ್ದು ಅದನ್ನೇ. ಮುಖ ಎಷ್ಟು ಕೆಟ್ಟರೂ ಜನ ದಾಟಿ ಹೋಗ್ತಾರೆ, ಕರೆದ್ರೆ ನಿಂತೇ ನಿಲ್ತಾರೆ.

ಆದ್ರೆ ಅದಕ್ಕೇ ನನಗೆ ಸಿಟ್ಟು ಬಂದಿದೆ. ಸೊಸೈಟಿಯ ನೋಟಿಸ್ ಬೋರ್ಡ್ ಅಂದ್ರೆ ನೀರು ಬರಲ್ಲ, ಲಿಫ್ಟ್ ರಿಪೇರಿ, ಯಾರದೋ ತಿಥಿ, ಯಾರ ಮಗುನೋ ಕಾಣ್ತಿಲ್ಲ ಅಂತ ಹಾಕೋ ಜಾಗ. ಅಲ್ಲಿ ಬರೆದದ್ದನ್ನ ಜನ ಪ್ರಶ್ನೆ ಮಾಡದೆ ನಂಬ್ತಾರೆ. ಆ ನಂಬಿಕೆ ಮೇಲೆ ಎಣ್ಣೆ ಹೆಸರು ಅಂಟಿಸಿದೆಯಲ್ಲ! ಎರಡು ಮಕ್ಕಳ ತಾಯಿಯಾಗಿ ಹೇಳ್ತೀನಿ, ನಾನು ಆ ಹಾಳೆ ನೋಡಿದ್ರೆ ಮೊದಲು ಮಕ್ಕಳ ಸ್ಕೂಲಿಗೆ ಫೋನ್ ಮಾಡ್ತಿದ್ದೆ.

ಕರ್ವೇನಗರ_ಹುಡುಗಿ

ಅಕ್ಕಾ, ನಿಮ್ಮ ಸಿಟ್ಟು ಅರ್ಥ ಆಗ್ತದೆ. ಆದ್ರೆ ಸೆಕ್ರೆಟರಿ ಒಪ್ಪಿಗೆ ಇತ್ತು, ಅವರಿಗೆ ಮೂರೂ ಪೋಸ್ಟರ್ ತೋರಿಸೇ ಹಾಕಿದ್ದು. ಕೆಳಗೆ ಬ್ರ್ಯಾಂಡ್ ಹೆಸರೂ ಇತ್ತು. ಮತ್ತೆ ಗ್ಯಾಲರಿಯೊಳಗೆ ಹಾಕಿದ್ರೆ ಎಲ್ಲರೂ 'ಚೆನ್ನಾಗಿದೆ' ಅಂತ ಹೇಳಿ ಹೋಗ್ತಾರೆ, ಏನೂ ಗೊತ್ತಾಗಲ್ಲ. ಬೀದಿಯಲ್ಲಿರೋ ಜಾಹೀರಾತನ್ನ ಬೀದಿಯಲ್ಲೇ ನೋಡಬೇಕಲ್ವಾ?

ಠಾಣೆಯವಳು

ಸೆಕ್ರೆಟರಿ ಒಪ್ಪಿದ್ರು, ಓದಿದವರು ಒಪ್ಪಿಲ್ಲ. ಬೀದಿಯಲ್ಲಿ ಪರೀಕ್ಷೆ ಮಾಡು, ಬೇಡ ಅನ್ನಲ್ಲ. ಆದ್ರೆ ಪಕ್ಕದಲ್ಲಿ ನೀನು ನಿಂತಿರು. ಯಾರಾದ್ರೂ ಗಾಬರಿ ಆದ ಕ್ಷಣಕ್ಕೆ 'ಇದು ನನ್ನ ಕೆಲಸ ಆಂಟಿ, ಯಾರಿಗೂ ಏನೂ ಆಗಿಲ್ಲ' ಅಂತ ಹೇಳೋಕೆ.

ಮೇಷ್ಟ್ರು_ಪುಣೆ

ಠಾಣೆಯ ತಾಯಿ ಹೇಳಿದ್ದನ್ನು ನಾನು ಪೂರ್ತಿ ಒಪ್ತೀನಿ. ಮನಶ್ಶಾಸ್ತ್ರದ ಪ್ರಯೋಗಗಳಲ್ಲಿ ಕೂಡ ಕೊನೆಗೆ ವಿಷಯ ಬಿಡಿಸಿ ಹೇಳಿ, ಗಾಬರಿ ಇಳಿಸಿ ಕಳಿಸುವುದು ಕಡ್ಡಾಯ. ಡಿಸೈನ್ ಕಾಲೇಜುಗಳಲ್ಲಿ ಇದನ್ನು ಕಲಿಸಬೇಕು. ಇನ್ನು 'ನಾಳೆ ಬಾ' ಬಗ್ಗೆ: ಆ ಬರಹದ ಕೆಲಸ ಓದುವವರನ್ನು ಕಾಪಾಡುವುದು. ಜ್ಯೂರಿಯ ಪ್ರಶ್ನೆಗೆ ಇದನ್ನು ಪಕ್ಕದಲ್ಲಿಟ್ಟು ಯೋಚಿಸು.

ಕಾಪಿರೈಟರ್_ಅಂಧೇರಿ

ಹಾಗಾದ್ರೆ ಕ್ಯಾಡ್‌ಬರಿಯ 2021ರ ದೀಪಾವಳಿ ಜಾಹೀರಾತು? ಶಾರುಖ್ ಖಾನ್ ಮುಖ, ದನಿ ಎರಡನ್ನೂ ಕೃತಕ ಬುದ್ಧಿಮತ್ತೆಯಿಂದ ತಯಾರಿಸಿ, ನೋಡೋರ ಪಿನ್‌ಕೋಡ್ ಪ್ರಕಾರ ಪಕ್ಕದ ಬೀದಿಯ ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ ಹೆಸರು ಹೇಳಿಸಿದ್ರು. ಕೋವಿಡ್‌ನಲ್ಲಿ ನೆಲ ಕಚ್ಚಿದ ಸಣ್ಣ ಅಂಗಡಿಯವರು ತಮ್ಮದೇ ಜಾಹೀರಾತು ಮಾಡಿಕೊಳ್ಳಬಹುದಿತ್ತು. ಮುಂದಿನ ವರ್ಷ ಕಾನ್ ಜಾಹೀರಾತು ಉತ್ಸವದಲ್ಲಿ ಟೈಟಾನಿಯಂ ಲಯನ್ ಪ್ರಶಸ್ತಿ ಬಂತು. ಪರಿಚಿತ ದನಿ ಹೆಸರು ಹಿಡಿದು ಕರೆಯೋದು ಅಲ್ಲೂ ಇದೆ. ಅದಕ್ಕೆ ಯಾಕೆ ಯಾರೂ ಹೆದರಲಿಲ್ಲ?

ಮಾಟುಂಗಾ_ಪೂರ್ವ

ಯಾಕೆ ಹೆದರುದು? ನನ್ನ ಭಾವನಿಗೆ ಮುಲುಂಡಿನಲ್ಲಿ ಸ್ಟೇಶನರಿ ಅಂಗಡಿ ಉಂಟು. ಶಾರುಖ್ ಖಾನ್ ಅಂಗಡಿಯ ಹೆಸರು ಹೇಳುವ ವಿಡಿಯೋ ಅವರು ಊರಿಗೆಲ್ಲ ಕಳಿಸಿದ್ದಾರೆ. ಉಡುಪಿಯಲ್ಲಿರುವ ಅತ್ತೆ ಅದನ್ನು ನೋಡಿ ಕಣ್ಣೀರು ಹಾಕಿದ್ದು ನಾನೇ ನೋಡಿದ್ದೇನೆ. ಇದು ಒಳ್ಳೆಯದೇ.

ಠಾಣೆಯವಳು

ಭಟ್ರೇ, ಅಲ್ಲಿ ದನಿ ಕೊಟ್ಟವರು ಒಪ್ಪಿ ಕೊಟ್ಟಿದ್ರು, ಇದು ಮಾಡಿದ ವಿಡಿಯೋ ಅಂತ ಎಲ್ಲರಿಗೂ ಗೊತ್ತಿತ್ತು, ಲಾಭ ಅಂಗಡಿಯವರಿಗೂ ಹೋಯ್ತು. ಅದಕ್ಕೆ ಹಿತವಾಗಿತ್ತು. ಅದೇ ವಿದ್ಯೆಯಲ್ಲಿ ನಾಳೆ ನಿಮ್ಮ ಅತ್ತೆಗೆ ನಿಮ್ಮ ದನಿಯಲ್ಲೇ ಫೋನ್ ಬಂದು 'ದುಡ್ಡು ಕಳಿಸಿ' ಅಂದ್ರೆ? ಅಂಥ ಮೋಸ ಈಗಲೇ ನಡೀತಿದೆ.

ಕಾಪಿರೈಟರ್_ಅಂಧೇರಿ

ಒಪ್ಪಿಗೆ, ಗೊತ್ತಿರೋದು, ಲಾಭ ಯಾರಿಗೆ. ಇದು ಕೆಲಸಕ್ಕೆ ಬರೋ ಅಳತೆ. ಆದ್ರೆ ಒಪ್ಪಿಗೆ ಇದ್ರೂ ಎಲ್ಲಾ ಹಿತ ಆಗಲ್ಲ. 2024ರ ಕ್ರಿಸ್‌ಮಸ್ಸಿಗೆ ಕೋಕಾ ಕೋಲಾ ತಮ್ಮ 1995ರ ಲಾರಿ ಜಾಹೀರಾತನ್ನೇ ಎಐನಲ್ಲಿ ಮತ್ತೆ ಮಾಡಿಸ್ತು. ಅದು ಎಐ ಅಂತ ಹೇಳೇ ಬಿಟ್ಟಿದ್ದು. ಆದ್ರೂ ಜೀವ ಇಲ್ಲ ಅಂತ ಜನ ಬೈದ್ರು. ಅಲ್ಲಿ ಯಾರಿಗೂ ಮೋಸ ಆಗಿರಲಿಲ್ಲ, ಹಬ್ಬದ ನೆನಪಿಗೆ ಕೈ ಹಾಕಿದ್ದೇ ಜನಕ್ಕೆ ಸಹಿಸಲಿಲ್ಲ.

ವಾಸ್ಕೋ_ನಿವಾಸಿ

ಗೋವಾದಿಂದ ಒಂದು ಸಣ್ಣ ಸೇರ್ಪಡೆ. ಡಿಸೆಂಬರ್ ಕೊನೇ ವಾರ ಇಲ್ಲಿ ಹುಡುಗರು ಹಳೇ ಪ್ಯಾಂಟು ಶರ್ಟಿಗೆ ಹುಲ್ಲು ತುಂಬಿ 'ಓಲ್ಡ್ ಮ್ಯಾನ್' ಮಾಡಿ ರಸ್ತೆ ಬದಿ ಕುರ್ಚಿ ಮೇಲೆ ಕೂರಿಸ್ತಾರೆ, ಹೋಗಿ ಬರೋರ ಹತ್ರ ಚಿಲ್ಲರೆ ಕೇಳ್ತಾರೆ, 31ರ ರಾತ್ರಿ ಸುಡ್ತಾರೆ. ಹಗಲು ತಮಾಷೆ. ರಾತ್ರಿ ಡ್ಯೂಟಿ ಮುಗಿಸಿ ಬೈಕಲ್ಲಿ ಬರುವಾಗ ಹೆಡ್‌ಲೈಟಿಗೆ ಅವು ಸಿಕ್ಕಿದ್ರೆ ಎದೆ ಧಸಕ್ ಅನ್ನುತ್ತೆ, ಗೊತ್ತಿದ್ರೂ. ನಮ್ಮ ಬೈನಾ ಕಡೆಯ ಬಟ್ಟೆ ಅಂಗಡಿಯವರು ಬಾಗಿಲು ಹಾಕುವಾಗ ಬೊಂಬೆಗಳ ತಲೆಗೆ ಪ್ಲಾಸ್ಟಿಕ್ ಚೀಲ ಮುಚ್ಚಿ ಹೋಗ್ತಾರೆ, ದೂಳಿಗೆ ಅಂತ. ಅದು ಇನ್ನೂ ಕೆಟ್ಟದಾಗಿ ಕಾಣುತ್ತೆ. ನಿನ್ನ ಮೊದಲ ಪೋಸ್ಟರನ್ನ ರಾತ್ರಿ, ಒಂದೇ ಬಲ್ಬಿನ ಕೆಳಗೆ ಹಾಕಿ ನೋಡು. ಫಲಿತಾಂಶ ಬೇರೆ ಬರುತ್ತೆ ಅಂತ ನನ್ನ ಲೆಕ್ಕ.

ಮೇಷ್ಟ್ರು_ಪುಣೆ

ಮೋರಿ ಕೂಡ ಮಬ್ಬು ಬೆಳಕಲ್ಲಿ ಕೃತಕ ಕೈ ಕುಲುಕಿದ ಹೆಂಗಸು ಕಿರುಚಿಕೊಳ್ಳಬಹುದು ಅಂತಲೇ ಬರೆದಿದ್ದು. ವಾಸ್ಕೋದವರ ಸಲಹೆ ಪ್ರಯೋಗಕ್ಕೆ ತಕ್ಕದ್ದು.

ಕರ್ವೇನಗರ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನು ಹೀಗೆ ನಿರ್ಧಾರ ಮಾಡಿದೀನಿ. ಬಿಳಿ ಹಾಳೆಯನ್ನ ಇನ್ನು ಯಾವ ಗೋಡೆಗೂ ಹಾಕಲ್ಲ. ಅದರ ಫೋಟೋ ಮತ್ತು ಜನ ಆಡಿದ ಮಾತು ಎರಡನ್ನೂ ರಿಪೋರ್ಟಿನಲ್ಲಿ ಇಡ್ತೀನಿ, ಠಾಣೆ ಅಕ್ಕನ ಆಕ್ಷೇಪಣೆ ಸಮೇತ, ಅಕ್ಕ ಒಪ್ಪಿದ್ರೆ. ಕಾಕಾ ಬೆಲೆ ಕೇಳಿದ್ದನ್ನ ಮೊದಲ ಪುಟಕ್ಕೆ ತರ್ತೀನಿ. ಮತ್ತೆ ಒಂದು ಹೊಸ ಜೋಡಿ ಮಾಡಬೇಕು ಅನ್ನಿಸಿದೆ: ಹುಟ್ಟುಹಬ್ಬದ ಫ್ಲೆಕ್ಸ್, ಶ್ರದ್ಧಾಂಜಲಿ ಫ್ಲೆಕ್ಸ್, ಅಕ್ಕಪಕ್ಕ, ಒಂದೇ ಮುಖ. ಅದರಲ್ಲಿ ಮಾರೋದು ಏನೂ ಇರಲ್ಲ. ಕಾಲೇಜಿನ ಹಾಲ್‌ನಲ್ಲಿ ಹಾಕಿ ಪಕ್ಕದಲ್ಲಿ ನಾನೇ ನಿಲ್ತೀನಿ. ಭೋಸರಿ ಅಣ್ಣಾ, ನೀವು ಪ್ರಿಂಟ್ ಹಾಕಿಕೊಡ್ತೀರಾ? ಮುಖ ನನ್ನ ಕ್ಲಾಸ್‌ಮೇಟಿಂದು, ಅವನು ಹೂಂ ಅಂದಿದಾನೆ.

ಠಾಣೆಯವಳು

ನನ್ನ ಮಾತು ಹಾಕು, ಅಭ್ಯಂತರ ಇಲ್ಲ. ಆದ್ರೆ ಆ ಹುಡುಗನ ತಾಯಿ ಹೂಂ ಅಂದಿದಾರಾ ಕೇಳು.

ಫ್ಲೆಕ್ಸ್_ಭೋಸರಿ

ತಂಗಿ, ಹುಟ್ಟಿದ ಹಬ್ಬದ್ದು ಹಾಕಿಕೊಡ್ತೀನಿ, ರೊಕ್ಕ ಬ್ಯಾಡ. ಆದ್ರ ಜೀವಂತ ಇರೋ ಹುಡುಗನ ಫೋಟೋಕ್ಕ ಹಾರ ಹಾಕಿ ಶ್ರದ್ಧಾಂಜಲಿ ಅಂತ ಪ್ರಿಂಟ್ ಹೊಡಿಯೂದು ನಮ್ಮ ಅಂಗಡ್ಯಾಗ ಆಗೂದಿಲ್ಲ. ಓದಿದಾವರು ಏನರ ಅನ್ನಲಿ. ನನ್ನ ಮಶೀನ್ ಮ್ಯಾಲ ಕುಂತ ಹುಡುಗನೂ ಮಾಡೂದಿಲ್ಲ.

ಕರ್ವೇನಗರ_ಹುಡುಗಿ

ಹಂಗಾದ್ರೆ ಎರಡನೇದರಲ್ಲಿ ಮುಖದ ಜಾಗ ಖಾಲಿ ಬಿಡ್ತೀನಿ ಅಣ್ಣಾ. ಕೂಲಿಂಗ್ ಗ್ಲಾಸು, ಬಿಳಿ ಕಾಲರ್ ಅಷ್ಟೇ, ಅದೂ ನಾನೇ ಬ್ರಶ್ಶಿನಲ್ಲಿ ಬರೆದದ್ದು. ಕೆಳಗಿನ ಶೋಕಾಕುಲರ ಸಾಲೂ ಹಂಗೇ, ಬರೀ ಚೌಕಗಳು. ಆಗಬಹುದಾ? ಹಳೇ ಬ್ರಶ್ ಅಜ್ಜಾ, ಚೌಕ ಎಳೆದು ದೊಡ್ಡದು ಮಾಡೋದನ್ನ ನನಗೆ ಕಲಿಸ್ತೀರಾ?

ಹಳೇ_ಬ್ರಶ್

ಬಾರಮ್ಮ, ಭಾನುವಾರ ಬಂದರೆ ಆರಾಮಾಗಿ ಕೂತು ಹೇಳಿಕೊಡುತ್ತೇನೆ. ವಿಳಾಸ ಇಲ್ಲಿ ಹಾಕುವುದಿಲ್ಲ, ನಿರ್ವಾಹಕರ ಕೈಲಿ ಕೊಡುತ್ತೇನೆ. ಮೊದಲು ಒಂದು ಅಡಿಯ ಬಟ್ಟೆಯಲ್ಲಿ ಕಣ್ಣು ಮಾತ್ರ ಬರೆದು ತಾ.

ಫ್ಲೆಕ್ಸ್_ಭೋಸರಿ

ಹಂಗಾದ್ರ ನಡೀತೈತಿ. ಬಟ್ಟಿ ಮ್ಯಾಲ ಬರದದ್ದನ್ನ ಚೊಲೋ ಬೆಳಕಿನ್ಯಾಗ ಫೋಟೋ ತಗದು ಕಳಸು, ಮೊಬೈಲ್ ಫ್ಲ್ಯಾಶ್ ಹಾಕಬ್ಯಾಡ. 6ಕ್ಕ 4 ಅಡಿ ಸಾಕು ಹಾಲ್‌ಗೆ, ಫುಲ್ ಸೈಜಿನ್ಯಾಗ 72 ರೆಸಲ್ಯೂಶನ್ ನಡೀತೈತಿ, ಬಣ್ಣ ಪ್ರಿಂಟಿಂಗಿನ ಸಿಎಂವೈಕೆಗೆ ಬದಲಿ ಮಾಡು. ಮರಾಠಿ ಅಕ್ಷರ ಕರ್ವ್ ಮಾಡಿ, ಅಂದ್ರ ಚಿತ್ರದ ಗೆರಿ ಮಾಡಿ ಕಳಸು, ಇಲ್ಲಾಂದ್ರ ನನ್ನ ಕೋರೆಲ್ ಸಾಫ್ಟ್‌ವೇರ್‌ನ್ಯಾಗ ಫಾಂಟ್ ಒಡೀತೈತಿ. ಮಂಗಳವಾರ ಬ್ಯಾಡ, ಅಂಗಡಿಗೆ ರಜಾ.